ತಿರುಗುವ ಕುರ್ಚಿ

ಲತೀಫಾಳ ಬೆರಳ ಸಂದಿಯ ಕರಿ ಮಸಿ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ರಾಯಚೂರಿನ ಎಂಜಿನಿಯರ್ ಶರಣಯ್ಯನವರ ಆಫೀಸಿನಲ್ಲಿ ಮನೆಗಳ ನಕ್ಷೆಯನ್ನು ತೆಳು ಹಾಳೆಯ ಮೇಲೆ ತೀಡಿ ತೀಡಿ ಅವಳ ಕುತ್ತಿಗೆ ಮರಗಟ್ಟಿತ್ತು. ಬೇಸಿಗೆಯಲ್ಲೂ ಫ್ಯಾನು ಹಾಕುವಂತಿಲ್ಲ, ಹಾಳೆ ಹಾರುತ್ತದೆ. ಬೆವರು ಬಿದ್ದರೆ ಮಸಿ ಹರಡುತ್ತದೆ, ಹಿಂದೆಯೇ ಬೈಗುಳ. ಪಕ್ಕದಲ್ಲಿ ಕೂತ ಮಾನ್ವಿಯ ಮಹಾಂತಮ್ಮನದೂ ಇದೇ ಪಾಡು. ಇಬ್ಬರೂ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು.

ಎಂಬತ್ತೊಂಬತ್ತನೇ ಇಸವಿಯಲ್ಲಿ ನಕ್ಷೆ ಬರೆಯುವ ಕಂಪ್ಯೂಟರ್ ಬಂತು. ಅದಕ್ಕೊಂದು ತಂಪು ಕೋಣೆ, ತಿರುಗುವ ಕುರ್ಚಿ. ಶರಣಯ್ಯನವರು ಮಹಾಂತಮ್ಮನನ್ನು ಹೈದರಾಬಾದಿಗೆ ಕಳಿಸಿ, ಕಲಿತು ಬಂದ ಮೇಲೆ ಕಾಯಿ ಒಡೆಸಿ ಆ ಕುರ್ಚಿಯಲ್ಲಿ ಕೂರಿಸಿದರು.

"ನಾನೂ ಕಲೀತೀನ್ರಿ ಸಾಹೇಬ್ರ," ಎಂದಳು ಲತೀಫಾ.

"ಪೂಜಿ ಮಾಡಿದ ಮಷಿನ್ನು ಅದು. ಆಕಿ ದಿನಾ ಹಣಿಗೆ ಇಬತ್ತಿ ಹಚ್ಕೊಂಡು ಕೂಡತಾಳ. ನಿನಗ್ಯಾಕ ಅದರ ಉಸಾಬರಿ?"

ಅಂದಿನಿಂದ ಲತೀಫಾಳಿಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಬೇಕು, ಶರಣಯ್ಯನವರ ಮೇಲಲ್ಲ, ಮಹಾಂತಮ್ಮನ ಮೇಲೆ. ಅವಳ ಮಸಿಯಿಲ್ಲದ ಬೆರಳುಗಳ ಮೇಲೆ, ಬೆವರದ ಕುಪ್ಪಸದ ಮೇಲೆ. ಯಜಮಾನರಿಗೆ ಬೇಕಾದದ್ದೂ ಅದೇ.

ಬಾಗಿಲ ಗಾಜಿನಲ್ಲಿ ಇಣುಕಿ ನೋಡಿ ನೋಡಿ ಯಾವ ಗುಂಡಿ ಒತ್ತಿದರೆ ಏನು ಎಂಬುದನ್ನು ಲತೀಫಾ ಕಲಿತಳು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಳಗೆ ಹೋಗಿ ಕೂತಳು. ಹತ್ತು ಮೀಟರಿನ ಗೋಡೆಯನ್ನು ಹಾಳೆಯ ಮೇಲೆ ಹತ್ತು ಸೆಂಟಿಮೀಟರಿಗೆ ಇಳಿಸಿ ಎಳೆದು ರೂಢಿಯಾದ ಕೈ. ಇಲ್ಲೂ ಇಳಿಸಿಯೇ ಅಳತೆ ಕೊಟ್ಟಳು. ಪರದೆಯ ಮೂಲೆಯಲ್ಲಿ ನೊಣದಷ್ಟು ಮನೆ ಮೂಡಿತು. ಏನು ಮಾಡಿದರೂ ದೊಡ್ಡದಾಗಲಿಲ್ಲ.

"ಇಳಿಸಬಾರದು ಲತೀಫಕ್ಕ. ಇದಕ್ಕ ಇದ್ದಷ್ಟಽ ಅಳತಿ ಕೊಡಬೇಕು." ಬಾಗಿಲಲ್ಲಿ ಮಹಾಂತಮ್ಮ ನಿಂತಿದ್ದಳು. "ನಾನೂ ಹೈದ್ರಾಬಾದಿನಾಗ ಇದಽ ತಪ್ಪು ಮಾಡೀನಿ."

"ಹೇಳಿಕೊಡಾಕ ನಿನಗೇನು, ಕುರ್ಚಿ ನಿಂದು," ಎಂದು ಲತೀಫಾ ಸಿಡುಕಿದಳು. ಆದರೆ ಏಳಲಿಲ್ಲ. ಅಂದಿನಿಂದ ಊಟದ ಹೊತ್ತೆಲ್ಲ ಕಲಿಯುವುದಕ್ಕೇ ಹೋಯಿತು.

ಒಂದು ಬೆಳಿಗ್ಗೆ ಶರಣಯ್ಯನವರು ಲತೀಫಾಳನ್ನು ತಂಪು ಕೋಣೆಗೆ ಕರೆದರು.

"ನೀ ಬರೆದ ಹಳೇ ನಕ್ಷೆ ಎಲ್ಲಾ ತಗೊಂಡು ಬಾ. ನೀ ಅಳತಿ ಓದು, ಆಕಿ ಕಂಪ್ಯೂಟರಿಗೆ ಹಾಕಲಿ. ಅಷ್ಟಾತಂದ್ರ ನಿನ್ನ ಕೆಲಸ ಮುಗೀತು."

ತಾನು ಎಳೆದ ಗೋಡೆಗಳನ್ನು ತಾನೇ ಓದಿಕೊಟ್ಟು ಬೀದಿಗೆ ಬೀಳಬೇಕು! ಲತೀಫಾ ಕಂಪ್ಯೂಟರಿನತ್ತ ಕೈ ತೋರಿದಳು.

"ನಾನೂ ಇದನ್ನ ನಡಸ್ತೀನ್ರಿ. ನೋಡ್ರಿ ಬೇಕಾದ್ರ."

"ಮುಟ್ಟಿದೇನು ಇದನ್ನ?" ಶರಣಯ್ಯನವರು ಗದರಿದರು.

ಮಹಾಂತಮ್ಮ ಕುರ್ಚಿ ಬಿಟ್ಟು ಎದ್ದಳು. "ನಾನಽ ಕಲಿಸೀನ್ರಿ. ಇಬ್ಬರನ್ನೂ ಇಟ್ಕೋರಿ. ಇಲ್ಲಾಂದ್ರ ಮಷಿನ್ನು ನೀವಽ ನಡಸ್ರಿ."

ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಲತೀಫಾಳಿಗೆ ಮತ್ತೆ ಹೊಟ್ಟೆ ಉರಿಯಿತು. ಆ ಮಾತು ತಾನು ಆಡಬೇಕಿತ್ತು.

ಶರಣಯ್ಯನವರು ಕುರ್ಚಿಯನ್ನು ಲತೀಫಾಳತ್ತ ತಿರುಗಿಸಿದರು. ದನಿ ಮೆತ್ತಗಾಯಿತು. "ಹೋಗ್ಲಿ ಬಿಡವಾ ಆಕಿ. ನಿನಗ ಬರ್ತದಂತಲ್ಲ, ಕೂಡು ಬಾ."

ಈಗ ಪೂಜೆಯ ಮಾತೇ ಇಲ್ಲ. ಕುರ್ಚಿ ಖಾಲಿ ಇತ್ತು. ಅದಕ್ಕಾಗಿ ಲತೀಫಾ ನಿದ್ದೆ ಕೆಡಿಸಿಕೊಂಡಿದ್ದಳು. ಒಂದು ಗಳಿಗೆ ಅದರ ಬೆನ್ನು ಹಿಡಿದು ನಿಂತಳು.

"ಇನ್ನೊಂದು ಕುರ್ಚಿ ತರಸ್ರಿ," ಎಂದು ತಾನೂ ಚಪ್ಪಲಿ ಮೆಟ್ಟಿದಳು. "ಆಮ್ಯಾಲ ಇಬ್ಬರನ್ನೂ ಕರೀರಿ."