ಕುರ್ಚಿ ಇಲ್ಲದ ವಾರ್ಡು

ನನ್ನ ದೊಡ್ಡಮ್ಮ ನರ್ಸು. ಡ್ಯೂಟಿ ಮುಗಿಸಿ ಮನೆಗೆ ಬಂದರೆ ಅವಳಿಗೆ ತನ್ನ ಬೂಟು ತಾನೇ ಬಿಚ್ಚಲು ಆಗುತ್ತಿರಲಿಲ್ಲ. ಪಾದ ಊದಿಕೊಂಡು ಒಳಗೇ ಬಿಗಿದುಕೊಂಡಿರುತ್ತಿತ್ತು. ನಾನು ನೆಲದ ಮೇಲೆ ಕೂತು ಮೆಲ್ಲಗೆ ಎಳೆಯಬೇಕು. ಎಡಗಾಲಿನ ನರಗಳು ನೀಲಿಯಾಗಿ ಗಂಟುಗಟ್ಟಿದ್ದವು. ಕಣಕಾಲಿನ ಹತ್ತಿರ ಒಂದು ಹುಣ್ಣು. ಕಂಡವರ ಹುಣ್ಣನ್ನೆಲ್ಲ ತೊಳೆದು ವಾಸಿ ಮಾಡಿದವಳಿಗೆ ತನ್ನದೊಂದು ವಾಸಿಯಾಗುತ್ತಿರಲಿಲ್ಲ.

"ಹೀಗೇ ನಿಂತಿದ್ರೆ ಇದು ಮೂಳೆಗೆ ಇಳಿಯತ್ತೆ ಸಿಸ್ಟರ್. ಆಮೇಲೆ ಕಾಲೇ ತೆಗೀಬೇಕಾಗತ್ತೆ. ಆಗಾಗ ಕೂತು ಕಾಲು ಮೇಲಿಡಿ," ಅಂದಿದ್ದರು ಅವಳದೇ ಆಸ್ಪತ್ರೆಯ ಡಾಕ್ಟರು.

"ಎಲ್ಲಿ ಕೂರ್ಲಿ ಡಾಕ್ಟ್ರೇ?"

ಡಾಕ್ಟರು ಸುಮ್ಮನೆ ಕೆಮ್ಮಿ ಮುಂದಿನ ರೋಗಿಯನ್ನು ಕರೆದರು.

ವಾರ್ಡಿನಲ್ಲಿ ನರ್ಸುಗಳಿಗೆ ಕುರ್ಚಿ ಇರಲಿಲ್ಲ. ಮೊದಲು ಇತ್ತು. ಆಸ್ಪತ್ರೆ ನಮ್ಮ ಚರ್ಚಿನದು. ಅದನ್ನು ನೋಡಿಕೊಳ್ಳುವವರು ಚರ್ಚಿನ ಹಿರಿಯರಲ್ಲೊಬ್ಬರು, ಎಲ್ಲರ ಬಾಯಲ್ಲಿ ಸಾಹೇಬರು. ಒಮ್ಮೆ ಅವರು ದಾನಿಗಳನ್ನು ಕರೆದುಕೊಂಡು ಬಂದಾಗ ಒಬ್ಬ ನರ್ಸು ಕೂತಿದ್ದಳು. "ನೋಡೋಕೆ ಚೆನ್ನಾಗಿರಲ್ಲ," ಎಂದರು. ಸಂಜೆಯೊಳಗೆ ವಾರ್ಡಿನ ಕುರ್ಚಿಗಳೆಲ್ಲ ಗೋದಾಮು ಸೇರಿದವು. ಅಂದಿನಿಂದ ಬರೆಯುವುದೂ ನಿಂತೇ, ಉಣ್ಣುವುದೂ ನಿಂತೇ. ಸಾಹೇಬರ ಕೋಣೆಯ ತಿರುಗುವ ಕುರ್ಚಿ ಮಾತ್ರ ಉಳಿಯಿತು. ಅದು ನೋಡಲು ಬಹಳ ಚೆನ್ನಾಗಿತ್ತು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಮನೆತನದ ಮಕ್ಕಳೆಲ್ಲ ಜ್ವರ ಬಂದಾಗ ಮಲಗಿದ್ದು ಅವಳ ತೊಡೆಯ ಮೇಲೆ. ಯಾರಿಗೆ ಸೂಜಿ ಕಂಡರೆ ಭಯ, ಯಾರಿಗೆ ಔಷಧಿ ಒಗ್ಗದು, ಎಲ್ಲ ಅವಳಿಗೆ ಗೊತ್ತು. ಅಂಥವಳು ಕುಂಟಿಕೊಂಡು ಬರುವುದನ್ನು ಹೇಗೆ ನೋಡಿಕೊಂಡಿರಲಿ?

"ಹೋಗಿ ಕೇಳಬಾರ್ದಾ ದೊಡ್ಡಮ್ಮ?"

"ಸ್ವಾಮಿ ಶಿಲುಬೆ ಹೊತ್ಕೊಂಡು ನಡೆದ. ನಂಗೆ ಬರೀ ನಿಲ್ಲೋಕಾಗಲ್ವೇನೇ?"

"ಶಿಲುಬೆ ಹೊರಿಸಿದೋರ್ನ ಯಾರೂ ಒಳ್ಳೇವ್ರು ಅಂದಿಲ್ಲ."

"ಬಾಯಿ ನೋಡು ಇದರದ್ದು," ಎಂದು ನನ್ನ ಕೆನ್ನೆ ಹಿಂಡಿ ನಕ್ಕಳು.

ಹಾಗಂತ ದೊಡ್ಡಮ್ಮ ಪೆದ್ದಿಯಲ್ಲ. ಆಸ್ಪತ್ರೆಯಲ್ಲೊಂದು ಪ್ರಾರ್ಥನೆಯ ಕೋಣೆಯಿತ್ತು. ಅಲ್ಲಿ ಉದ್ದನೆಯ ಬೆಂಚುಗಳಿದ್ದವು. ಡ್ಯೂಟಿಯ ನಡುವೆಯೂ ಯಾರು ಬೇಕಾದರೂ ಹೋಗಿ ಪ್ರಾರ್ಥಿಸಬಹುದು ಅಂತ ಸಾಹೇಬರೇ ನಿಯಮ ಮಾಡಿದ್ದರು. ದೊಡ್ಡಮ್ಮ ಕೆಲಸದ ನಡುವೆ ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗತೊಡಗಿದಳು. ಒಂದು ಬೆಂಚಿನ ಮೇಲೆ ಅವಳು, ಎದುರಿನ ಬೆಂಚಿನ ಮೇಲೆ ಕಾಲು.

"ನಿಜವಾಗ್ಲೂ ಪ್ರಾರ್ಥನೆ ಮಾಡ್ತೀಯಾ?" ಅಂತ ಕೇಳಿದೆ.

"ಮಾಡ್ತೀನಿ ಕಣೇ. ಮಧ್ಯೆ ಸ್ವಲ್ಪ ಗೊರಕೆನೂ ಬರತ್ತೆ."

ಈ ದಾರಿಯನ್ನು ಸಣ್ಣ ವಯಸ್ಸಿನ ನರ್ಸುಗಳಿಗೂ ಹೇಳಿಕೊಟ್ಟಳು. ನೋಡನೋಡುತ್ತಿದ್ದಂತೆ ಆಸ್ಪತ್ರೆಯಲ್ಲಿ ಭಕ್ತಿ ಉಕ್ಕಿ ಹರಿಯಿತು. ಚರ್ಚಿನ ಮೆಟ್ಟಿಲು ಹತ್ತದವರೂ ಪಾಳಿಯ ಮೇಲೆ ಹೋಗಿ ದೇವರನ್ನು ನೆನೆದರು. ಸಾಹೇಬರ ಸಂತೋಷ ಹೇಳತೀರದು. "ನಮ್ಮ ಹೆಣ್ಣುಮಕ್ಕಳ ವಿಶ್ವಾಸ ನೋಡಿ," ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಇತ್ತ ದೊಡ್ಡಮ್ಮನ ಹುಣ್ಣು ಒಣಗುತ್ತ ಬಂದಿತ್ತು.

ಆ ಸಂತೋಷವೇ ಮುಳುವಾಯಿತು. ಒಂದು ಮಧ್ಯಾಹ್ನ ಸಾಹೇಬರಿಗೆ ತಾವೂ ಅವರ ಜೊತೆ ಪ್ರಾರ್ಥಿಸುವ ಮನಸ್ಸಾಯಿತು. ಬಾಗಿಲು ತಳ್ಳಿದರೆ ಬೂಟು ಬಿಚ್ಚಿಟ್ಟು, ಬಾಯಿ ತೆರೆದು, ಸಾಲಾಗಿ ನಿದ್ದೆ ಹೋದ ವಿಶ್ವಾಸಿಗಳು. ದೊಡ್ಡಮ್ಮ ಮಾತ್ರ ಆ ಹೊತ್ತಿಗೆ ವಾರ್ಡಿನಲ್ಲಿದ್ದಳು. ಮಾರನೆಯ ದಿನ ಬೆಂಚುಗಳೂ ಗೋದಾಮಿಗೆ ಹೋದವು. ದೇವರ ಮುಂದೆ ಕೂರುವುದು ಅಗೌರವವಂತೆ.

ಹುಣ್ಣು ಮತ್ತೆ ಬಾಯಿಬಿಟ್ಟಿತು. ಅವತ್ತು ದೊಡ್ಡಮ್ಮ ನಗಲಿಲ್ಲ.

"ನನ್ನ ಕುರ್ಚಿ ತೆಗೆದ್ರು, ಹೋಗ್ಲಿ ಅಂದೆ. ದೇವ್ರ ಮನೆ ಬೆಂಚು ತೆಗೆಯೋಕೆ ಇವ್ರ್ಯಾರು?"

ಅದೇ ತಿಂಗಳು ಚರ್ಚಿನಲ್ಲಿ ಆಸ್ಪತ್ರೆಗಾಗಿ ವಿಶೇಷ ಆರಾಧನೆ ಇತ್ತು. ಅಲ್ಲಿ ದೊಡ್ಡಮ್ಮನಿಗೆ ಸನ್ಮಾನ ಅಂತ ಸಾಹೇಬರೇ ತೀರ್ಮಾನಿಸಿದರು. ಬಿಳಿ ಸಮವಸ್ತ್ರದ ನರ್ಸುಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲಿಸಿದರು. ನೋಡೋಕೆ ಚೆನ್ನಾಗಿರತ್ತಲ್ಲ. ವೇದಿಕೆಯ ಮೇಲೆ ಒಂದೇ ಕುರ್ಚಿ, ಅದು ಅವರದು. ಪಾದ್ರಿಗಳು ಪಕ್ಕದಲ್ಲಿ ನಿಂತಿದ್ದರು.

"ಈ ಸಹೋದರಿ ಡ್ಯೂಟಿಯಲ್ಲಿ ಕೂತದ್ದನ್ನು ನಾನು ಕಂಡೇ ಇಲ್ಲ," ಎಂದರು ಸಾಹೇಬರು ಮೈಕಿನಲ್ಲಿ. "ಇದಪ್ಪಾ ಸೇವೆ ಅಂದ್ರೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ದೊಡ್ಡಮ್ಮ ಕುಂಟುತ್ತ ವೇದಿಕೆ ಹತ್ತಿದಳು.

"ಎರಡು ಮಾತಾಡಿ ಸಿಸ್ಟರ್."

"ಮಾತಾಡ್ತೀನಿ. ಒಂದು ಕುರ್ಚಿ ಕೊಡಿ ಸಾಹೇಬ್ರೇ."

ಇಡೀ ಚರ್ಚು ನೋಡುತ್ತಿತ್ತು. ಸಾಹೇಬರು ನಗುತ್ತ ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟರು. ದೊಡ್ಡಮ್ಮ ಕೂತು, ಮೈಕು ಕೈಗೆ ತೆಗೆದುಕೊಂಡು, ಸೀರೆಯ ಅಂಚನ್ನು ಸ್ವಲ್ಪ ಸರಿಸಿದಳು. ಕಾಲಿನ ಬ್ಯಾಂಡೇಜು ಒದ್ದೆಯಾಗಿತ್ತು.

"ವಾರ್ಡಲ್ಲಿ ನಾನು ಕೂತಿಲ್ಲ, ನಿಜ. ಕುರ್ಚಿ ಇದ್ರೆ ತಾನೇ ಕೂರೋದು? ತೆಗೆಸಿದೋರು ಇವ್ರೇ, ಈಗ ಹೊಗಳ್ತಿರೋರೂ ಇವ್ರೇ. ನಾವು ಪ್ರಾರ್ಥನೆ ಕೋಣೆಗೆ ಹೋಗ್ತಿದ್ದದ್ದು ಕಾಲು ಚಾಚೋಕೆ. ಅದು ದೇವ್ರಿಗೆ ಗೊತ್ತಿತ್ತು, ಏನೂ ಅನ್ಲಿಲ್ಲ. ಸಾಹೇಬ್ರಿಗೆ ಗೊತ್ತಾಯ್ತು, ಬೆಂಚು ಹೋಯ್ತು."

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ದೊಡ್ಡಮ್ಮ ಗೋಡೆಯ ಕಡೆ ತಿರುಗಿದಳು. "ಮಕ್ಕಳೇ, ನೀವೂ ಕೂತ್ಕೊಳ್ಳಿ."

ನರ್ಸುಗಳು ಸಾಹೇಬರ ಮುಖ ನೋಡಿದರು. ಯಾರೂ ಅಲ್ಲಾಡಲಿಲ್ಲ. ಕೊನೆಗೆ ಬಸುರಿ ನರ್ಸೊಬ್ಬಳು ಗೋಡೆಗೆ ಬೆನ್ನು ಕೊಟ್ಟು ಹಾಗೇ ನೆಲಕ್ಕೆ ಜಾರಿ ಕೂತಳು. ಅವಳ ಪಕ್ಕದವಳು ಕೂತಳು. ಮತ್ತೆ ಎಲ್ಲರೂ ಕೂತರು. ಬೆಂಚಿನ ಮೇಲಿದ್ದ ಹೆಂಗಸರು ಒತ್ತರಿಸಿಕೊಂಡು ಜಾಗ ಮಾಡಿ, "ನೆಲ ಯಾಕಮ್ಮಾ, ಇಲ್ಲಿ ಬಾ," ಎಂದು ಅವರನ್ನು ಕರೆದರು. ನನ್ನ ಕಣ್ಣು ತುಂಬಿ ಬಂತು.

"ಸಾಕು ಸಿಸ್ಟರ್, ನಾಳೆ ಆಫೀಸಲ್ಲಿ ಮಾತಾಡೋಣ," ಎಂದು ಸಾಹೇಬರು ಬಗ್ಗಿ ಪಿಸುಗುಟ್ಟಿದರು.

"ನಾಳೆ ಯಾಕೆ? ಗೋದಾಮಿನ ಬೀಗದ ಕೈ ನಿಮ್ಮ ಜೇಬಲ್ಲೇ ಇರತ್ತಲ್ಲ. ವಾರ್ಡಿಗೆ ಕುರ್ಚಿ ಬರೋವರೆಗೂ ನಾನು ಇಲ್ಲಿಂದ ಏಳಲ್ಲ."

ಪಾದ್ರಿಗಳಿಗೆ ಏನು ಮಾಡಬೇಕೋ ತೋಚಲಿಲ್ಲ. "ಎಲ್ಲರೂ ಎದ್ದು ನಿಂತು ಹಾಡೋಣ," ಎಂದರು. ಮುಂದಿನ ಸಾಲಿನವರು ಅರ್ಧ ಎದ್ದರು. ನರ್ಸುಗಳತ್ತ ತಿರುಗಿ ನೋಡಿ, ಮತ್ತೆ ಕೂತರು.

ಸಾಹೇಬರು ಇನ್ನೂ ನಿಂತೇ ಇದ್ದರು. ಸ್ವಲ್ಪ ಹೊತ್ತಿಗೆ ಭಾರವನ್ನು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಬದಲಿಸತೊಡಗಿದರು. ದೊಡ್ಡಮ್ಮನದು ನರ್ಸಿನ ಕಣ್ಣು, ಇದು ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಮೈಕು ಅವಳ ಕೈಯಲ್ಲೇ ಇತ್ತು.

"ಕಾಲು ನೋಯ್ತಿದ್ಯಾ ಸಾಹೇಬ್ರೇ?" ಎಂದು ವಾರ್ಡಿನಲ್ಲಿ ಕೇಳುವಷ್ಟೇ ಮೆತ್ತಗೆ ಕೇಳಿದಳು. "ಅಭ್ಯಾಸ ಆಗತ್ತೆ, ನಿಂತ್ಕೊಳ್ಳಿ."