ಎಲ್ಲಿ ನಿಂತಿದ್ದೀರಿ?

ಮಳೆಗಾಲ ಮುಗಿಯುವವರೆಗೂ ಅವರು ಕಾಲಿನಿಂದ ಗಂಬೂಟು ತೆಗೆದವರಲ್ಲ. ಚರಂಡಿಗೆ ಇಳಿಯುವ ನೌಕರರಾಗಿದ್ದರೆ ಅದರಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಆದರೆ ಅವರು ಕೂರುತ್ತಿದ್ದದ್ದು ನಗರಸಭೆಯ ಮೂರನೆಯ ಮಹಡಿಯಲ್ಲಿ, ವಿಪತ್ತು ನಿಯಂತ್ರಣ ಕೊಠಡಿ ಎಂಬ ದೊಡ್ಡ ಹೆಸರಿನ ಸಣ್ಣ ಕೋಣೆಯಲ್ಲಿ, ಎರಡು ದೂರವಾಣಿಗಳ ನಡುವೆ. ಅಲ್ಲಿಗೆ ನೀರು ಏರಬೇಕಾದರೆ ಇಡೀ ಊರೇ ಮುಳುಗಿರಬೇಕು. ಆದರೂ ಮೊದಲ ಮಳೆ ಬಿದ್ದ ದಿನದಿಂದ ಆ ಕಪ್ಪು ರಬ್ಬರಿನ ಜೋಡನ್ನು ಏರಿಸಿಕೊಂಡು, ಮೆಟ್ಟಿಲುಗಳ ಮೇಲೆ ದಬದಬ ಸದ್ದು ಮಾಡುತ್ತ, ಒಣ ನೆಲದ ಮೇಲೂ ಮೊದಲು ಒಂದು ಪಾದವನ್ನು ಮುಂದಿಟ್ಟು, ನೆಲ ಇರುವುದನ್ನು ಖಾತ್ರಿ ಮಾಡಿಕೊಂಡು, ಆಮೇಲೆ ಇನ್ನೊಂದನ್ನು ಎಳೆದುಕೊಳ್ಳುತ್ತ ಅವರು ಬರುತ್ತಿದ್ದರು. ಕಚೇರಿಗೆಲ್ಲ ಅವರು ಗಂಬೂಟಿನವರು. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಜನನ ಮರಣ ನೋಂದಣಿ ವಿಭಾಗದ ಗುಮಾಸ್ತನಾಗಿದ್ದ ನನ್ನನ್ನು ಒಂದು ಮಳೆಗಾಲದ ಮಟ್ಟಿಗೆ ಅವರ ಪಕ್ಕದ ಕುರ್ಚಿಗೆ ಎತ್ತಿ ಹಾಕಿದರು. ನಾನು ಮೊದಲ ದಿನವೇ ಬಾಯಿ ತಡೆಯಲಾರದೆ ಆ ಬೂಟಿನ ವಿಷಯ ಕೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಹೊರಗೆ ಜನ ನೀರಲ್ಲಿ ನಿಂತಿರ್ತಾರಪ್ಪ. ನಾನು ಚಪ್ಪಲೀಲಿ ಕೂತ್ಕೊಂಡು ಅವರನ್ನ ಪ್ರಶ್ನೆ ಕೇಳೋದು ಅಷ್ಟು ಚೆನ್ನಾಗಿರಲ್ಲ," ಎಂದರು.

ಅವರ ಪ್ರಶ್ನೆಗಳು ಮೂರೇ. ನೀರು ಎಲ್ಲಿವರೆಗೆ ಬಂದಿದೆ? ಮೊಣಕಾಲು ಎಂದರೆ ಯಾರ ಮೊಣಕಾಲು, ದೊಡ್ಡವರದೋ ಮಕ್ಕಳದೋ? ಕೊನೆಯದಾಗಿ, ನೀವು ಎಲ್ಲಿ ನಿಂತಿದ್ದೀರಿ? ಇವುಗಳಿಗೆ ಉತ್ತರ ಸಿಗುವ ತನಕ ಅವರು ಸಾಂತ್ವನದ ಒಂದು ಮಾತನ್ನೂ ಆಡುತ್ತಿರಲಿಲ್ಲ. ಜೀವ ಬಾಯಿಗೆ ಬಂದವರು ಬೈದರೆ ಬೈಸಿಕೊಂಡು, ಅದೇ ತಗ್ಗಿದ ದನಿಯಲ್ಲಿ ಮತ್ತೆ ಅದನ್ನೇ ಕೇಳುತ್ತಿದ್ದರು. ಮೂರನೆಯ ಪ್ರಶ್ನೆಯಂತೂ ನಾಲಿಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ, ರಜೆ ಕೇಳಲು ಕರೆ ಮಾಡಿದ ಸಹೋದ್ಯೋಗಿಗೂ ಅದೇ, ಮದುವೆಗೆ ಕರೆಯಲು ಫೋನು ಮಾಡಿದ ನೆಂಟರಿಗೂ ಅದೇ. ಅವರ ಹೆಂಡತಿ ಮಾತ್ರ ಅದಕ್ಕೆ ಒಗ್ಗಿಹೋಗಿದ್ದರು. "ಅಡುಗೆಮನೇಲಿ, ನೆಲದ ಮೇಲೆ, ಬರಿಗಾಲಲ್ಲಿ ನಿಂತಿದ್ದೀನಿ. ಬರ್ತಾ ಹಾಲು ತನ್ನಿ," ಎಂದು ಒಂದೇ ಉಸಿರಿಗೆ ಹೇಳಿ ಇಟ್ಟುಬಿಡುತ್ತಿದ್ದರು.

ಕೋಣೆಯ ಗೋಡೆಯ ಮೇಲೆ ಅವರೇ ಇದ್ದಿಲಿನಿಂದ ಬರೆದ ಆಳೆತ್ತರದ ಮನುಷ್ಯಾಕೃತಿ ಇತ್ತು. ಪಾದ, ಮೊಣಕಾಲು, ಸೊಂಟ, ಎದೆ ಎಂದು ಗೆರೆ ಎಳೆದು, ಪ್ರತಿ ಗೆರೆಯ ಪಕ್ಕದಲ್ಲಿ ಎತ್ತರ ಬರೆದಿದ್ದರು. ಕಣ್ಣುಮೂಗಿಲ್ಲದ ಆ ಮನುಷ್ಯ ವಿಚಿತ್ರವಾಗಿ ಒಂದು ಮಂಚದ ಮೇಲೆ ನಿಂತಿದ್ದ. ಯಾಕೆಂದು ನನಗೆ ಹೇಳಿದವರು ದೋಣಿ ನಡೆಸುವ ಅಗ್ನಿಶಾಮಕದವರು. ಎಷ್ಟೋ ವರ್ಷಗಳ ಹಿಂದಿನ ಪ್ರವಾಹದಲ್ಲಿ ನಿವೃತ್ತ ಬಸ್ ಕಂಡಕ್ಟರೊಬ್ಬರು ಕರೆ ಮಾಡಿ, ತುಂಬುಗಂಠದಲ್ಲಿ, ನೀರು ಮೊಣಕಾಲವರೆಗೆ ಬಂದಿದೆ ಎಂದಿದ್ದರಂತೆ. ಮೊಣಕಾಲಿನವರ ಸರದಿ ಸೊಂಟದವರ ನಂತರ. ಗಂಬೂಟಿನವರು ಹಾಗೆಯೇ ಬರೆದುಕೊಂಡರು. ಕಂಡಕ್ಟರು ನಿಂತಿದ್ದದ್ದು ಮಂಚದ ಮೇಲೆ. ಅದನ್ನು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ, ದೋಣಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೀರು ಇಳಿದ ಮೇಲೆ ಇವರು ಅಳತೆಯ ಟೇಪು ಹಿಡಿದು ಆ ಮನೆಗೆ ಹೋಗಿ, ಮಂಚದ ಎತ್ತರ ಅಳೆದು ಬಂದು, ಗೋಡೆಯ ಮನುಷ್ಯನ ಕಾಲಡಿ ಅದನ್ನು ಬರೆದರು. ಮಾರನೆಯ ದಿನದಿಂದ ಮೂರನೆಯ ಪ್ರಶ್ನೆ ಶುರುವಾಯಿತು.

ನಾನಿದ್ದ ವರ್ಷದ ಬಿರುಗಾಳಿ ಬೆಳಿಗ್ಗೆ ಕಚೇರಿಯ ಹೊತ್ತಿಗೇ ಎದ್ದಿತು. ತಗಡಿನ ಚಾವಣಿಗಳು ಹಾರಿದವು, ಕಂಬಗಳು ಉರುಳಿದವು, ಮಧ್ಯಾಹ್ನದೊಳಗೆ ನದಿಯ ಒಡ್ಡು ಒಡೆದು ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ನಗರಸಭೆಯ ಮೂರು ದೋಣಿಗಳಲ್ಲಿ ಎರಡು, ಅಡ್ಡ ಬಿದ್ದ ಮರಗಳ ಹಿಂದೆ ಲಾರಿಗಳ ಮೇಲೆಯೇ ಸಿಕ್ಕಿಹಾಕಿಕೊಂಡಿದ್ದವು. ನೀರಿಗಿಳಿದದ್ದು ಒಂದೇ. ಆ ಒಂದು ದೋಣಿ ಯಾವ ಬೀದಿಗೆ ಮೊದಲು ಹೋಗಬೇಕೆಂಬುದನ್ನು ನಮ್ಮ ಕೋಣೆ ಹೇಳಬೇಕಿತ್ತು, ಅಂದರೆ ಗಂಬೂಟಿನವರು ಹೇಳಬೇಕಿತ್ತು. ಮೇಲಧಿಕಾರಿಗಳು ಬಂದು ಇಣುಕಿ, ಗೋಡೆಯ ನಕ್ಷೆ ನೋಡಿ, ಕೈ ಹಿಸುಕಿಕೊಂಡು ಹೋದರು. ಇವರು ಊಟದ ಡಬ್ಬಿ ಮುಚ್ಚಳವನ್ನೂ ತೆಗೆದಿರಲಿಲ್ಲ.

ಎರಡೂವರೆಯ ಸುಮಾರಿಗೆ ಎಡಗಡೆಯ ದೂರವಾಣಿಯಲ್ಲಿ ಒಂದು ಶಿಶುವಿಹಾರದ ಶಿಕ್ಷಕಿ ಸಿಕ್ಕರು. ಹನ್ನೊಂದು ಮಕ್ಕಳನ್ನು ಮೇಜುಗಳ ಮೇಲೆ ನಿಲ್ಲಿಸಿದ್ದರು. ನೀರು ಮೇಜಿನ ಅಂಚಿಗೆ ಬಂದಿತ್ತು. ಹನ್ನೊಂದು ಮಕ್ಕಳು, ಒಬ್ಬ ಶಿಕ್ಷಕಿ, ಅಲ್ಲಿಗೆ ದೋಣಿ ಭರ್ತಿ. ಗಂಬೂಟಿನವರು ಆಕೆಗೆ ಲೈನಿನಲ್ಲೇ ಇರಲು ಹೇಳಿ, ರಿಸೀವರನ್ನು ಮೇಜಿನ ಮೇಲಿಟ್ಟು, ದೋಣಿಯವರಿಗೆ ಸಂದೇಶ ಕಳಿಸಲು ವೈರ್‌ಲೆಸ್ಸಿಗೆ ಕೈ ಹಾಕುವಷ್ಟರಲ್ಲಿ ಬಲಗಡೆಯದು ಬಡಿದುಕೊಂಡಿತು. ನಾನು ಬರೆದುಕೊಳ್ಳಲೆಂದು ಅದರ ಸ್ಪೀಕರನ್ನು ಸದಾ ಹಾಕಿಯೇ ಇಡುತ್ತಿದ್ದೆವು.

"ಅಣ್ಣ, ನಾನು. ಮನೆಯೊಳಗೆ ನೀರು ಬಂದ್ಬಿಟ್ಟಿದೆ. ಇವರಿಗೆ ಉಬ್ಬಸ ಬೇರೆ ಜಾಸ್ತಿಯಾಗಿದೆ."

ಅವರ ಒಬ್ಬಳೇ ತಂಗಿ. ಗಂಡ ಹೆಂಡತಿ ಇಬ್ಬರೇ ಇದ್ದ ಆ ಮನೆಯ ತಿರುವನ್ನು ದಾಟಿಯೇ ದೋಣಿ ಶಿಶುವಿಹಾರಕ್ಕೆ ಹೋಗಬೇಕಿತ್ತು. ಈ ಇಬ್ಬರನ್ನು ಹತ್ತಿಸಿಕೊಂಡರೆ ಕೆಲವು ಮಕ್ಕಳು ಎರಡನೆಯ ಸರದಿಗೆ ಕಾಯಬೇಕಿತ್ತು.

"ಎಲ್ಲಿವರೆಗಿದೆ ನೀರು?"

"ಮೊಣಕಾಲವರೆಗೆ."

"ಎಲ್ಲಿ ನಿಂತಿದ್ದೀಯ?"

ಉತ್ತರ ಬರಲಿಲ್ಲ. ಮೇಜಿನ ಮೇಲಿದ್ದ ಎಡಗಡೆಯ ರಿಸೀವರಿನಿಂದ ಮಕ್ಕಳ ಅಳು ಕೋಣೆಯನ್ನೆಲ್ಲ ತುಂಬಿತ್ತು.

"ಯಾವ ಮಕ್ಕಳಣ್ಣ ಅದು, ಅಳ್ತಿರೋದು?"

"ಶಿಶುವಿಹಾರದವು. ಹನ್ನೊಂದು ಮಕ್ಕಳಿದ್ದಾರೆ. ಎಲ್ಲಿ ನಿಂತಿದ್ದೀಯ, ಹೇಳು."

"ನೆಲದ ಮೇಲೇ ನಿಂತಿದ್ದೀವಿ. ಮೊದಲು ಅವರ ಹತ್ರ ಹೋಗಲಿ."

ಗಂಬೂಟಿನವರು ಒಂದು ಗಳಿಗೆ ಪೆನ್ನನ್ನು ಹಾಳೆಯ ಮೇಲೆ ಊರಿ ಹಿಡಿದಿದ್ದರು. ಆಮೇಲೆ "ಮೊಣಕಾಲು, ನೆಲ" ಎಂದು ಬರೆದು, ದೋಣಿಯನ್ನು ನೇರ ಶಿಶುವಿಹಾರಕ್ಕೆ ಕಳಿಸಿದರು. ಹನ್ನೊಂದು ಮಕ್ಕಳೂ ಬಂದರು. ಅಷ್ಟರಲ್ಲಿ ನೀರಿನ ಸೆಳೆತ ಹೆಚ್ಚಿ, ದೋಣಿ ಆ ತಿರುವಿಗೆ ಮರಳುವ ಹೊತ್ತಿಗೆ ಬೆಳಕು ಮಂಕಾಗಿತ್ತು. ದೋಣಿಯವರು ವೈರ್‌ಲೆಸ್ಸಿನಲ್ಲಿ ಹೇಳಿದರು: "ಇಬ್ಬರೂ ಸಿಕ್ಕಿದ್ರು ಸಾರ್. ಅಡುಗೆ ಕಟ್ಟೆ ಮೇಲೆ ನಿಂತಿದ್ರು, ಸೊಂಟದವರೆಗೆ ನೀರಿತ್ತು. ಯಜಮಾನರ ಸ್ಥಿತಿ ಚೆನ್ನಾಗಿಲ್ಲ." ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ತಂಗಿಯ ಗಂಡ ತೀರಿಕೊಂಡರು. ಅವರ ಮರಣ ನೋಂದಣಿಯ ಅರ್ಜಿ ನನ್ನ ವಿಭಾಗಕ್ಕೇ ಬಂತು. ಅದೇ ವಾರ ನಗರಸಭೆ ಗಂಬೂಟಿನವರಿಗೆ ಮೆಚ್ಚುಗೆಯ ಪತ್ರ ಕೊಟ್ಟಿತು. ಅವರು ಅದನ್ನು ಮಡಿಸಿ ಮೇಜಿನ ಕೆಳಗಿನ ಖಾನೆಯಲ್ಲಿ ಹಾಕಿದರು.

ಒಂದು ದಿನ, ಯಾವುದೋ ಪಟ್ಟಿ ತಯಾರಿಸುತ್ತಿದ್ದಾಗ, ತಲೆಯೆತ್ತದೆ ಕೇಳಿದರು: "ಅವಳು ಆವತ್ತು ಸುಮ್ಮನಾದಳಲ್ಲ, ನಿನಗೂ ಗೊತ್ತಾಯ್ತು ಅಲ್ವಾ?"

"ಇಲ್ಲ ಸಾರ್," ಎಂದೆ. ಗೊತ್ತಾಗಿತ್ತು. ಬಂದು ಎರಡು ತಿಂಗಳಾದ ನನಗೇ ಆ ಮೌನ ತಿಳಿದಿತ್ತೆಂದರೆ, ಇಂಥ ಮೌನಗಳನ್ನು ಕೇಳಿ ಕೇಳಿ ತಲೆ ನರೆತವರಿಗೆ ತಿಳಿಯದೆ ಇದ್ದೀತೇ?

ಚಳಿ ಶುರುವಾದ ಮೇಲೆ ಒಮ್ಮೆ ಮರಣ ಪ್ರಮಾಣಪತ್ರ ತಲುಪಿಸುವ ನೆಪದಲ್ಲಿ ನಾನೂ ಅವರೊಡನೆ ಆ ಮನೆಗೆ ಹೋದೆ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರೂ ನೀರು ನಿಂತ ಗೆರೆ ಮತ್ತೆ ಕಂದಾಗಿ ಮೂಡಿತ್ತು, ಅಡುಗೆ ಕಟ್ಟೆಯಿಂದ ಬಹಳ ಮೇಲೆ. ತಂಗಿ ಟೀ ತಂದುಕೊಟ್ಟರು. ಗಂಬೂಟಿನವರು ಲೋಟ ಹಿಡಿದುಕೊಂಡು ಆ ಗೆರೆಯನ್ನೇ ನೋಡುತ್ತ, ಕಚೇರಿಯ ದನಿಯಲ್ಲೇ ಕೇಳಿದರು: "ಆವತ್ತು ಫೋನ್ ಮಾಡಿದಾಗ ಎಲ್ಲಿ ನಿಂತಿದ್ದೆ?"

"ನೆಲದ ಮೇಲೇ ಅಣ್ಣ. ನೀರು ಆಮೇಲೆ ಏರಿದ್ದು," ಎಂದರು ಆಕೆ, ಈ ಸಲ ತಡವರಿಸದೆ. "ಆರಿಹೋಗುತ್ತೆ, ಕುಡಿ."

ಅವರು ತಲೆಯಾಡಿಸಿ ಕುಡಿದರು. ಅಣ್ಣನ ಮುಖವನ್ನು ತಂಗಿ ನೋಡಲಿಲ್ಲ, ತಂಗಿಯ ಮುಖವನ್ನು ಅಣ್ಣ ನೋಡಲಿಲ್ಲ. ನನಗೆ ಅಲ್ಲಿ ಕೂರಲಾಗದೆ ಎದ್ದು ಹೊಸ್ತಿಲಿಗೆ ಬಂದೆ.

ಮುಂದಿನ ಮಳೆಗಾಲಕ್ಕೂ ನನ್ನನ್ನು ಅದೇ ಕುರ್ಚಿಗೆ ಹಾಕಿದರು. ಆ ಸಲ ಗಂಬೂಟಿನವರು ಚಪ್ಪಲಿಯಲ್ಲೇ ಬಂದರು. ಗಂಬೂಟನ್ನು ದೋಣಿಯವರಿಗೆ ಕೊಟ್ಟಿದ್ದರು. ಮೊದಲೆರಡು ಪ್ರಶ್ನೆಗಳನ್ನು ತಾವು ಕೇಳಿ, ಮೂರನೆಯದಕ್ಕೆ ರಿಸೀವರನ್ನು ನನ್ನ ಕೈಗೆ ದಾಟಿಸುತ್ತಿದ್ದರು.

ನೀರಿಗೆ ಇಳಿದು ಜನರನ್ನು ಹೊತ್ತು ತಂದವರನ್ನು ಊರು ನೆನಪಿಟ್ಟುಕೊಳ್ಳುತ್ತದೆ, ಅದು ಆಗಬೇಕಾದದ್ದೇ. ಆದರೆ ಒಣ ಕೋಣೆಯಲ್ಲಿ ಕೂತು, ಬರಿಯ ದನಿ ಕೇಳಿ, ಇವರು ಮೊದಲು, ಅವರು ಆಮೇಲೆ ಎಂದು ಬರೆಯುವವರೂ ಪ್ರತಿ ಊರಿನಲ್ಲೂ ಇರುತ್ತಾರೆ. ಅವರು ಬರೆದದ್ದು ಸರಿಯಾಗಿಯೇ ಇರುತ್ತದೆ, ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ಅವರನ್ನು ಪ್ರೀತಿಸುವವರು ಅವರ ಸಲುವಾಗಿ ಒಂದು ಸುಳ್ಳು ಹೇಳುತ್ತಾರೆ. ಅದು ಸುಳ್ಳೆಂದು ಗೊತ್ತಿದ್ದೂ, ಕಾಲೂರಲು ಬೇರೆ ಜಾಗವಿಲ್ಲದೆ, ಉಳಿದ ಆಯುಷ್ಯವನ್ನು ಇಂಥವರು ಅದರ ಮೇಲೆಯೇ ನಿಂತು ಕಳೆಯುತ್ತಾರೆ.