ನೀಲಿ ಬಿಳಿ ದಾರ

"ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ರೆ, ಈ ಮೇಜು ಈಗಲೇ ಮುರಿದು ನನ್ನ ಕಾಲ ಮೇಲೆ ಬೀಳಲಿ," ಎಂದು ನಾನು ಆಣೆ ಮಾಡಿದೆ. ಮೇಜು ಕೊಂಚ ಅಲುಗಾಡಿತು. ಅದು ಮೊದಲಿನಿಂದಲೂ ಅಲುಗಾಡುವ ಮೇಜೇ.

ಎದುರಿಗೆ ಕೂತವನು ಅಂದೇ ಕ್ಲೀವ್‌ಲ್ಯಾಂಡಿಗೆ ಬಂದಿಳಿದಿದ್ದ. ಎದೆ ಮುಚ್ಚುವ ಗಡ್ಡ. ಹೆಸರು ಹೋರ್ವಾತ್ ಅಂದಿದ್ದ. ಕೂರುವ ಮೊದಲು ತನ್ನ ಬಟ್ಟೆಗಂಟಿನ ದಾರ ಬಿಚ್ಚಿ, ಅದರ ಸಿಕ್ಕನ್ನು ಹಲ್ಲಿನಿಂದ ಸಡಿಲಿಸಿ, ಬೆರಳಿಗೆ ಸುತ್ತಿ ಜೋಪಾನವಾಗಿ ಜೇಬಿಗಿಟ್ಟುಕೊಂಡ. ಅದನ್ನು ನಾನು ನೋಡಿದೆ. ಈ ಹೆಂಡದಂಗಡಿಯ ಅಡುಗೆ ನೋಡಿಕೊಳ್ಳುವ ವೆರೋನಾ ಕೂಡ ಒಳಗಿನ ಕಿಂಡಿಯಿಂದ ನೋಡಿದಳು. ಅವನು ಮಾಂಸದ ಸಾರು ಹೇಳಿ, ಅದು ಬರುವವರೆಗೆ ಏನಾದರೂ ಹೇಳು ಮಾರಾಯ ಅಂದ. ಕುಲುಮೆಯ ಬೆಂಕಿ ನನ್ನ ಅರ್ಧ ಮುಖವನ್ನು ತಿಂದ ಮೇಲೆ ಹಳಬರು ಯಾರೂ ನನ್ನ ಗುರುತು ಹಿಡಿಯುವುದಿಲ್ಲ. ಕತೆ ಹೇಳುವವನಿಗೆ ಇದರಿಂದ ಬಹಳ ಅನುಕೂಲ.

ಪಿಟ್ಸ್‌ಬರ್ಗಿನಲ್ಲಿ ನಾವೊಂದಷ್ಟು ಜನ ಸ್ಲೋವಾಕರು ಒಂದೇ ಮನೆಯಲ್ಲಿ ಬಿಡಾರ ಮಾಡಿದ್ದ ಕಾಲದ ಸಂಗತಿಯಿಂದ ಶುರುಮಾಡಿದೆ. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲೇ ರಾತ್ರಿ ಪಾಳಿಯವನು ಮಲಗುತ್ತಿದ್ದ. ಆ ಹಾಸಿಗೆಗಳು ತಣ್ಣಗಾದದ್ದನ್ನು ಕಂಡವರಿಲ್ಲ. ಮನೆಯೊಡತಿ ಎಲ್ಲರಿಗೂ ಒಂದೇ ಹಂಡೆಯಲ್ಲಿ ಬೇಯಿಸುತ್ತಿದ್ದಳು. ಆದರೆ ಮಾಂಸ ಅವರವರದೇ. ಪ್ರತಿಯೊಬ್ಬನೂ ತನ್ನ ತುಂಡು ತಾನೇ ಕೊಂಡು ತಂದು, ಅದಕ್ಕೆ ತನ್ನ ಗುರುತು ಕಟ್ಟಿ ಹಂಡೆಗೆ ಹಾಕಬೇಕು. ನನ್ನದು ಬೂಟಿನ ಲಾಡಿ. ಇನ್ನೊಬ್ಬನದು ಬಾಗಿದ ಮೊಳೆ. ಗಾಶ್ಪರ್ ಅಂತ ಒಬ್ಬನಿದ್ದ, ಅವನದು ಕೊಂಬಿನ ಗುಂಡಿ.

"ಬೂಟಿನ ಲಾಡಿ ಬೆಂದ ಸಾರು ಕುಡಿದಿರಾ?" ಹೋರ್ವಾತ್ ನಕ್ಕ.

"ಲಾಡೀನೇ ರುಚಿ ಕೊಡ್ತಿತ್ತು. ಹೊಸ ಲಾಡಿ ಕಟ್ಟಿದ ದಿನ ಸಾರು ಸಪ್ಪೆ."

ಮನೆಯೊಡತಿಯ ಗಂಡ ಮಿಹಾಲ್. ಕುಲುಮೆಯ ಮುಂದೆ ದುಡಿಯುವವನು, ಹಾಡುವವನು. ಕಾರ್ಮಿಕರ ಸಂಘ ಕಟ್ಟಬೇಕೆಂದು ನಮ್ಮ ಅಡುಗೆಮನೆಯಲ್ಲೇ ಮೆಲ್ಲಗೆ ಮಾತೆತ್ತಿದ್ದ. ಮರುದಿನವೇ ಮೇಸ್ತ್ರಿ ಡೆವ್ಲಿನ್ ಅವನನ್ನು ಗೇಟಿನಾಚೆ ದಬ್ಬಿದ. ಆಮೇಲೆ ಆ ನದಿಯುದ್ದಕ್ಕೂ ಯಾವ ಕಾರ್ಖಾನೆಯಲ್ಲೂ ಅವನ ಹೆಸರು ಕೇಳಿದರೆ ಸಾಕು, ಕೆಲಸ ಇಲ್ಲ ಅನ್ನುತ್ತಿದ್ದರು. ಅವನು ಬೇರೆ ಹೆಸರು ಹೇಳಿ ದೂರದ ಕಲ್ಲಿದ್ದಲು ಗಣಿ ಸೇರಿದ. ಅಲ್ಲಿ ಛಾವಣಿ ಕುಸಿಯಿತು. ಆ ಬೇರೆ ಹೆಸರಿನ ಶಿಲುಬೆಯ ಕೆಳಗೇ ಅವನನ್ನು ಹೂತರು. ಹೆಂಡತಿ ಹೋಗಿ, ಇವನು ನನ್ನ ಮಿಹಾಲ್ ಎಂದು ಅತ್ತರೆ, ಪಾದ್ರಿ, "ತಾಯಿ, ನಿಮಗೆ ಗೋರಿ ತಪ್ಪಿರಬೇಕು" ಅಂದನಂತೆ.

ಹೋರ್ವಾತ್ ಈಗ ನಗುತ್ತಿರಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿದ. ಆದರೆ ಏಳಲಿಲ್ಲ.

"ಮೇಸ್ತ್ರಿಗೆ ಹೇಳಿದವರು ಯಾರು ಅಂತ ಗೊತ್ತಾಯ್ತೋ?" ಎಂದು ಬಿಯರಿನ ಲೋಟಕ್ಕೆ ಕೇಳಿದ.

"ಹಂಡೆ ಹೇಳ್ತು."

ಗಾಶ್ಪರ್ ದಾರ ಎಸೆಯುವವನಲ್ಲ. ದಾರಿಯಲ್ಲಿ ಬಿದ್ದ ತುಂಡು ದಾರವನ್ನೂ ಎತ್ತಿ ಸುತ್ತಿಟ್ಟುಕೊಳ್ಳುವ ಜಾತಿ. ಒಂದು ದಿನ ಅವನ ಗುಂಡಿ ಕಳೆದುಹೋಯಿತು. ಮಾಂಸದ ಪೊಟ್ಟಣಕ್ಕೆ ಕಟ್ಟಿ ಬಂದಿದ್ದ ದಾರವನ್ನೇ ತುಂಡಿಗೆ ಬಿಗಿದು ಹಂಡೆಗೆ ಬಿಟ್ಟ. ನೀಲಿ ಬಿಳಿ ಹೊಸೆದ ದಾರ. ನಮ್ಮ ಬೀದಿಯ ಕಸಾಯಿ ಕಟ್ಟುವುದು ಸೆಣಬಿನಿಂದ. ಈ ದಾರ ಗುಡ್ಡದ ಮೇಲಿನ ಅಂಗಡಿಯದು. ಅಲ್ಲಿಗೆ ಮೇಸ್ತ್ರಿಗಳ ಹೆಂಡಿರು ಹೋಗುತ್ತಾರೆ. ನಮ್ಮವರು ಹೋದರೆ ನಾಯಿ ಬಿಡುತ್ತಾರೆ.

ಮನೆಯೊಡತಿ ಸೌಟಿನಲ್ಲಿ ಆ ತುಂಡನ್ನು ಎತ್ತಿ ಹಿಡಿದಳು.

"ಗಾಶ್ಪರಣ್ಣಾ, ಎಷ್ಟು ಮೆತ್ತಗಿದೆ! ಎಲ್ಲಿಂದ ತಂದೆ?"

"ಇಲ್ಲೇ, ಮೂಲೆ ಅಂಗಡೀದು ಅಕ್ಕಾ."

"ತಿನ್ನು, ತಿನ್ನು. ಹೊಟ್ಟೆ ತುಂಬ ತಿನ್ನು," ಎಂದಳು. ದಾರ ಬಿಚ್ಚಿ ತನ್ನ ಉಡಿಗೆ ಹಾಕಿಕೊಂಡಳು.

ಆ ವಾರ ಅವಳು ಅವನಿಗೆ ಕೇಳಿಸುವಂತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಚರ್ಚಿನ ನೆಲಮಾಳಿಗೇಲಿ ಪೀಪಾಯಿ ಇಟ್ಟಿದೀವಿ. ಒಳಗೇನಿದೆ ಅಂತ ಕೇಳ್ಬೇಡ. ಡೆವ್ಲಿನ್ ಎದೆ ಒಡೆಯೋಕೆ ಸಾಕಾಗುವಷ್ಟಿದೆ."

ಭಾನುವಾರ ಪೂಜೆ ನಡೆಯುತ್ತಿದ್ದಾಗಲೇ ಡೆವ್ಲಿನ್ ಪೊಲೀಸರನ್ನೂ ಕಾರ್ಖಾನೆಯ ದೊಡ್ಡ ಸಾಹೇಬನನ್ನೂ ಕರೆದುಕೊಂಡು ನುಗ್ಗಿದ. ತಾನೇ ಕೊಡಲಿ ಎತ್ತಿ ದೊಡ್ಡ ಪೀಪಾಯಿಗೆ ಹೊಡೆದ. ಚಳಿಗಾಲಕ್ಕೆಂದು ಉಪ್ಪು ಹಾಕಿ, ನಮ್ಮ ಹೆಂಗಸರು ಬರಿಗಾಲಲ್ಲಿ ತುಳಿದು ಹುಳಿಯಿಟ್ಟ ಎಲೆಕೋಸು! ಒಂದು ಪೀಪಾಯಿ ಒಡೆದ ರಭಸಕ್ಕೆ ಉಳಿದವೂ ಉರುಳಿದವು. ಸಾಹೇಬ ಸೊಂಟದವರೆಗೆ ಮುಳುಗಿದ. ಡೆವ್ಲಿನ್ ಮೀಸೆಗೆ ಹಿಡಿದ ಹುಳಿ ನಾತ ಬೇಸಗೆಯವರೆಗೂ ಹೋಗಲಿಲ್ಲ. ಅವನು ಬೀದಿಗಿಳಿದರೆ ಹಾಲಿನ ಗಾಡಿಯವನು ಬೇರೆ ದಾರಿ ಹಿಡಿಯುತ್ತಿದ್ದ. ಕ್ಯಾನಿನಲ್ಲೇ ಹಾಲು ಒಡೆಯುತ್ತಿತ್ತು.

"ಇದು ಸುಳ್ಳು," ಅಂದ ಹೋರ್ವಾತ್.

"ಯಾವುದು? ಹಾಲೋ, ಪೀಪಾಯಿಯೋ?"

ಅಷ್ಟರಲ್ಲಿ ಕಿಂಡಿಯಿಂದ ಒಂದು ಕೈ ಸಾರಿನ ಬಟ್ಟಲನ್ನು ಹೊರಗೆ ತಳ್ಳಿತು. ನಾನೇ ಎದ್ದು ತಂದು ಅವನ ಮುಂದಿಟ್ಟೆ.

"ತಣ್ಣಗಾಗೋ ಮುಂಚೆ ಉಣ್ಣಿ. ದಾರಿ ನಡೆದು ಬಂದಿದೀರಿ."

ಅವನು ಚಮಚ ಅದ್ದಿದ. ನಾನು ಮುಂದುವರಿಸಿದೆ. ನಾತ ಹೋಗದ ಡೆವ್ಲಿನ್, ಸುಳ್ಳು ಸುದ್ದಿ ತಂದೆಯೆಂದು ಗಾಶ್ಪರನನ್ನು ಅದೇ ಗೇಟಿನಾಚೆ ದಬ್ಬಿದ. ಮಿಹಾಲನ ಹೆಸರು ಓಡಾಡಿದ ಕಡೆಯಲ್ಲೆಲ್ಲ ಈಗ ಗಾಶ್ಪರನ ಹೆಸರು ಓಡಾಡಿತು. ಅವನು ಬಟ್ಟೆಗಂಟು ಕಟ್ಟುತ್ತಿದ್ದಾಗ ಮನೆಯೊಡತಿ ಬಾಗಿಲಲ್ಲಿ ನಿಂತು ಒಂದೇ ಮಾತು ಅಂದಳು: "ಹೋಗು ಅಣ್ಣಾ. ನಿನಗೂ ಒಂದು ಹೆಸರು ಹುಡುಕ್ಕೋ. ನೀನು ಯಾವ ಊರಲ್ಲಿ ಉಣ್ಣೋಕೆ ಕೂತ್ರೂ ನಿನ್ನ ಪಾಲು ನಾನು ಎತ್ತಿಟ್ಟಿರ್ತೀನಿ."

ಚಮಚಕ್ಕೆ ಮಾಂಸದ ತುಂಡು ಸಿಕ್ಕಿತು. ಅವನು ಮೇಲೆತ್ತಿದ. ತುಂಡಿನಿಂದ ನೀಲಿ ಬಿಳಿ ದಾರವೊಂದು ಜೋತುಬಿದ್ದು, ಅದರ ತುದಿಯಿಂದ ಸಾರು ತೊಟ್ಟಿಕ್ಕಿತು. ಬಣ್ಣ ಮಾಸಿತ್ತು, ಆದರೂ ನೀಲಿ ನೀಲಿಯೇ.

"ಅವನು ಎಲ್ಲಿಗೆ ಹೋದನೋ ನಮಗೆ ತಿಳೀಲಿಲ್ಲ," ಅಂದೆ ನಾನು. "ಹೆಸರು ಬದಲಾಯಿಸ್ಬಹುದು, ಗಡ್ಡ ಬಿಡ್ಬಹುದು. ಆದ್ರೆ ಕೈಗೆ ಹತ್ತಿದ ಚಾಳಿ ಇದೆಯಲ್ಲ, ಅದು ಮನುಷ್ಯನ್ನ—"

ಕುರ್ಚಿ ಹಿಂದಕ್ಕೆ ಬಿತ್ತು. ಅವನು ಬಟ್ಟೆಗಂಟನ್ನು ಕಟ್ಟದೆಯೇ ಎದೆಗವಚಿಕೊಂಡು, ಟೋಪಿ ಬಿಟ್ಟು, ಹೊಗೆ ಮುಸುಕಿದ ಬೀದಿಗೆ ಇಳಿದುಹೋದ. ಒಂದು ಕಾಲುಚೀಲ ಹೊಸ್ತಿಲ ಮೇಲೆ ಉಳಿಯಿತು.

ವೆರೋನಾ ಒಳಗಿನಿಂದ ಬಂದಳು. ಬಟ್ಟಲಿನಿಂದ ತುಂಡನ್ನೆತ್ತಿ, ದಾರದ ಗಂಟನ್ನು ಉಗುರಿನಿಂದ ಬಿಡಿಸಿ, ಬಿಸಿನೀರಿನಲ್ಲಿ ತೊಳೆದಳು. ಆಮೇಲೆ ಅದನ್ನು ಒಲೆಯ ಮೇಲಿನ ಮೊಳೆಗೆ, ಮೊದಲಿದ್ದ ಜಾಗದಲ್ಲೇ, ಒಣಗಲು ಹಾಕಿದಳು.